ಅರಿಯರ್ಸ್ ಬಂದ ವರ್ಷದ ಹೊಟ್ಟೆಕಿಚ್ಚು

ಜುಲೈ ತಿಂಗಳು ಬಂತೆಂದರೆ ನಮ್ಮ ಸ್ಟೋರ್ಸ್ ಕೋಣೆಯಲ್ಲಿ ಊಟದ ಹೊತ್ತಿಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು. ನಾನು ಅಲ್ಲಿ ಸ್ಟೋರ್ಸ್ ಇನ್‌ಚಾರ್ಜ್. ಬೋಲ್ಟು, ನಟ್ಟು, ಕಟಿಂಗ್ ಆಯಿಲ್, ಕೈಗವಸು ಇವುಗಳನ್ನು ಎಣಿಸಿ ಕೊಡುವುದು ನನ್ನ ಕೆಲಸ. ಜುಲೈನಲ್ಲಿ ಮಾತ್ರ ಜನ ಬರುತ್ತಿದ್ದುದು ಬೇರೆ ಕಾರಣಕ್ಕೆ. ಆದಾಯ ತೆರಿಗೆಯ ರಿಟರ್ನ್ ತುಂಬಿಸಿಕೊಳ್ಳಲು.

ಮದುವೆಗೆ ಮುಂಚೆ ರಾಜಾಜಿನಗರದಲ್ಲಿ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಸಂಜೆ ಹೊತ್ತು ಬರೆಯುವ ಕೆಲಸ ಮಾಡಿದ್ದೆ. ಆ ವಿದ್ಯೆ ಕೈಬಿಟ್ಟಿರಲಿಲ್ಲ. ಲೇತ್ ಮೇಲಿರುವವರು, ಪ್ಯಾಕಿಂಗಿನವರು, ಆಫೀಸಿನವರು ಎಲ್ಲರೂ ತಮ್ಮ ಫಾರ್ಮ್ ಸಿಕ್ಸ್‌ಟೀನ್ ಎಂಬ ವರ್ಷದ ಸಂಬಳ-ತೆರಿಗೆಯ ಚೀಟಿ ಹಿಡಿದು ನನ್ನ ಮೇಜಿನ ಸುತ್ತ ನಿಲ್ಲುತ್ತಿದ್ದರು. ನಾನು ಕನ್ನಡಕ ಏರಿಸಿಕೊಂಡು ಒಬ್ಬೊಬ್ಬರದನ್ನೇ ಓದಿ, ಪ್ರಶ್ನೆ ಕೇಳಿ, ಕಂಪ್ಯೂಟರಿಗೆ ತುಂಬುತ್ತಿದ್ದೆ. ಕಾಸು ಮುಟ್ಟುತ್ತಿರಲಿಲ್ಲ. ಆದರೆ ಯಾರ ಮನೆಯ ಗೃಹಪ್ರವೇಶಕ್ಕೂ ಮೊದಲ ಕರೆ ನನಗೆ ಬರುತ್ತಿತ್ತು. ಒಂದು ಸಲ ಮ್ಯಾನೇಜರೇ ಬಾಗಿಲಲ್ಲಿ ನಿಂತು, "ಸ್ವಲ್ಪ ಫ್ರೀ ಇದ್ದೀರಾ?" ಎಂದಿದ್ದರು. ಅದನ್ನು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅನ್ನಿಸಿ ಊಟಕ್ಕೆ ಕೂತಾಗ ಮತ್ತೊಮ್ಮೆ ಹೇಳಿದೆ.

ಆ ಹುಡುಗಿ ಕಾರ್ಖಾನೆಗೆ ಬಂದದ್ದು ಮೂರು ವರ್ಷದ ಹಿಂದೆ. ಅಕೌಂಟ್ಸ್ ವಿಭಾಗಕ್ಕೆ ಹೊಸದಾಗಿ ಸೇರಿದ ಕಲಬುರಗಿ ಕಡೆಯ ಹುಡುಗಿ. ಬಿ.ಕಾಂ. ಮುಗಿಸಿದ್ದಳು. ಚಿಕ್ಕಬಾಣಾವರದಲ್ಲಿ ಬಾಡಿಗೆ ರೂಮು, ಜೊತೆಗೆ ಕಟ್ಟಡದ ಕೆಲಸಕ್ಕೆ ಹೋಗುವ ಅಣ್ಣ. ಸಂಬಳದ ಲೆಕ್ಕ ಅವಳ ಕೈಗೆ ಬಂತು. ಮೊದಲ ವರ್ಷ ತಾನಾಯಿತು, ತನ್ನ ಕೆಲಸವಾಯಿತು ಎಂದಿದ್ದಳು. ಎರಡನೇ ಜುಲೈನಲ್ಲಿ ಪ್ಯಾಕಿಂಗಿನ ಒಬ್ಬಾಕೆ ಸಂಬಳದ ಚೀಟಿ ಕೇಳಲು ಹೋದವಳು ರಿಟರ್ನೂ ಮಾಡಿಸಿಕೊಂಡು ಬಂದಳು. ಮೊಬೈಲಿನಲ್ಲೇ, ನಿಂತ ಜಾಗದಲ್ಲೇ.

"ಟೀ ಆರೋದ್ರೊಳಗೆ ಆಗೋಯ್ತು ಸಾರ್," ಎಂದು ನನಗೇ ಬಂದು ಹೇಳಿದಳು.

"ಬೇಗ ಆಗಿದ್ದೆಲ್ಲ ಸರಿಯಾಗಿರುತ್ತೆ ಅಂತೇನಿಲ್ಲಮ್ಮ," ಎಂದೆ.

ಸರಿಯಾಗಿಯೇ ಇತ್ತು. ಆಮೇಲೆ ಒಬ್ಬೊಬ್ಬರೇ ಆ ಕಡೆ ಹೋದರು. ಸ್ಟೋರ್ಸಿನ ಗಾಜಿನ ಕಿಟಕಿಯಿಂದ ಅಕೌಂಟ್ಸಿನ ಬಾಗಿಲು ನೇರವಾಗಿ ಕಾಣುತ್ತದೆ. ಊಟದ ಹೊತ್ತಿಗೆ ಅಲ್ಲಿ ಚಪ್ಪಲಿಗಳು ಗುಂಪಾಗಿ ಬಿದ್ದಿರುವುದನ್ನು ನೋಡಿ ಯಾವ ಚಪ್ಪಲಿ ಯಾರದು ಎಂದು ಗುರುತಿಸುತ್ತ ಕೂರುತ್ತಿದ್ದೆ. ಒಳಗಿನಿಂದ ನಗು ಕೇಳುತ್ತಿತ್ತು. ಅವಳು ಊರಿನಿಂದ ತಂದ ಶೇಂಗಾ ಚಟ್ನಿಯನ್ನು ಎಲ್ಲರ ಡಬ್ಬಿಗೂ ಹಾಕುತ್ತಿದ್ದಳಂತೆ. ನನ್ನ ಮೇಜಿನ ಸುತ್ತ ಅಷ್ಟು ವರ್ಷ ಜನ ಸೇರಿದ್ದರು. ಯಾರೂ ಹಾಗೆ ನಕ್ಕ ನೆನಪಿಲ್ಲ.

ಎಲ್ಲಕ್ಕಿಂತ ಹೆಚ್ಚು ಉರಿದದ್ದು ನನ್ನ ಗೆಳೆಯ ಹೋದಾಗ. ಅವನು ಟರ್ನರ್, ಕುಣಿಗಲ್ ಕಡೆಯವನು. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಇಬ್ಬರೂ ದಾಸರಹಳ್ಳಿಯಲ್ಲೇ ಇರುವುದು, ಒಟ್ಟಿಗೇ ಬರುವುದು, ಒಟ್ಟಿಗೇ ಊಟ ಮಾಡುವುದು. ಒಂದು ದಿನ ಅವನ ಡಬ್ಬಿಯಲ್ಲಿ ಅನ್ನದ ಪಕ್ಕ ಶೇಂಗಾ ಚಟ್ನಿ ಕಂಡಿತು.

"ಎಲ್ಲಿಂದ ಬಂತಪ್ಪಾ ಇದು?"

"ಅದೇ, ಆ ಹುಡ್ಗಿ ಕೊಟ್ಳು ಸಾರ್," ಎಂದು ತಲೆ ತಗ್ಗಿಸಿ ತಿಂದ. ಆ ವರ್ಷ ಅವನ ಫಾರ್ಮ್ ನನ್ನ ಮೇಜಿಗೆ ಬರಲಿಲ್ಲ.

ಮೂರನೇ ವರ್ಷ ಅರಿಯರ್ಸ್ ಬಂತು. ಸಂಬಳದ ಒಪ್ಪಂದ ಎಳೆದಾಡಿ ಎಳೆದಾಡಿ ಕೊನೆಗೂ ಆಗಿ, ಹಿಂದಿನ ವರ್ಷಗಳಲ್ಲಿ ಬರಬೇಕಿದ್ದ ಬಾಕಿ ಸಂಬಳವೆಲ್ಲ ಒಂದೇ ಸಲ ಎಲ್ಲರ ಕೈಗೆ ಬಂತು. ಹಾಗೆ ಒಟ್ಟಿಗೆ ಬಂದಾಗ ಆ ವರ್ಷದ ತೆರಿಗೆ ಜಾಸ್ತಿ ಕಡಿತವಾಗುತ್ತದೆ. ಬಾಕಿಯನ್ನು ಆಯಾ ವರ್ಷಕ್ಕೆ ಹಂಚಿ ಲೆಕ್ಕ ಹಾಕಿ ತೋರಿಸಿದರೆ ಸ್ವಲ್ಪ ವಾಪಸು ಸಿಗುತ್ತದೆ. ಇದು ನನಗೆ ಗೊತ್ತಿತ್ತು. ರಾಜಾಜಿನಗರದ ಆಫೀಸಿನಲ್ಲಿ ಇಂಥ ಲೆಕ್ಕಗಳನ್ನು ಕೈಯಲ್ಲೇ ಬರೆದಿದ್ದವನು ನಾನು. ಈ ಸಲ ಜನ ನನ್ನ ಹತ್ತಿರ ಬಂದೇ ಬರುತ್ತಾರೆ ಎಂದುಕೊಂಡೆ. ಮೊಬೈಲಿನಲ್ಲಿ ಒತ್ತುವವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು?

ಒಂದು ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಅವಳ ದುಂಡನೆಯ ಅಕ್ಷರದಲ್ಲಿ ಒಂದು ಚೀಟಿ ಅಂಟಿತ್ತು. ಅರಿಯರ್ಸ್ ಬಂದಿರುವವರು ರಿಟರ್ನ್ ಹಾಕುವ ಮುಂಚೆ ದಯವಿಟ್ಟು ಅಕೌಂಟ್ಸಿನಲ್ಲಿ ಒಮ್ಮೆ ವಿಚಾರಿಸಬೇಕು ಎಂದು. ಓದಿದ ಕೂಡಲೇ ಮೈಯೆಲ್ಲ ಬಿಸಿಯಾಯಿತು. ಇದು ಗಿರಾಕಿ ಕರೆಯುವ ಅಂಗಡಿ ಬೋರ್ಡು, ನನಗೆ ಉಳಿದಿರುವ ನಾಲ್ಕು ಜನರನ್ನೂ ಸೆಳೆದುಕೊಳ್ಳುವ ಉಪಾಯ ಅನ್ನಿಸಿತು. ಅಂದೇ ಸಂಜೆ ಮನೆಯಲ್ಲಿ ಕೂತು ನನ್ನ ಲೆಕ್ಕ ಶುರು ಮಾಡಿದೆ. ಎರಡು ದಿನ ಹಿಡಿಯಿತು. ಹಳೆಯ ವರ್ಷಗಳ ದರಗಳನ್ನೆಲ್ಲ ಹುಡುಕಿ, ಅಂಚು ಗೆರೆ ಹಾಕಿ, ಎರಡು ಹಾಳೆ ತುಂಬ ಚೊಕ್ಕವಾಗಿ ಬರೆದೆ. ಬಂದ ಮೊತ್ತವನ್ನು ರಿಟರ್ನಿನಲ್ಲಿ ತುಂಬಿ ಕಳಿಸಿಬಿಟ್ಟೆ.

ಆಮೇಲೆ ಅವಳೇ ಕೈಗವಸಿನ ಬಿಲ್ಲು ಕೇಳುವ ನೆಪದಲ್ಲಿ ಸ್ಟೋರ್ಸಿಗೆ ಬಂದಳು.

"ಸರ, ನಿಮ್ದು ರಿಟರ್ನ್ ಆಗ್ಯದೇನ್ರಿ?"

"ಆಗಿ ಎಷ್ಟೋ ದಿನ ಆಯ್ತಲ್ಲಮ್ಮ."

"ಅರಿಯರ್ಸಿಂದೂ ಹಾಕೀರೇನ್ರಿ?"

"ನೀನು ಹುಟ್ಟೋಕೆ ಮುಂಚಿಂದ ಹಾಕ್ತಿದೀನಿ," ಎಂದೆ. ಅವಳು ಬಿಲ್ಲು ತೆಗೆದುಕೊಂಡು ಹೋದಳು.

ಮಳೆಗಾಲ ಮುಗಿಯುತ್ತಿದ್ದಂತೆ ಕಾರ್ಖಾನೆಯಲ್ಲಿ ಒಬ್ಬೊಬ್ಬರ ಮೊಬೈಲೂ ಟಣ್ ಅನ್ನತೊಡಗಿತು. ರಿಫಂಡ್. ಪ್ಯಾಕಿಂಗಿನಾಕೆಗೆ ಬಂತು, ವಾಚ್‌ಮನ್‌ಗೆ ಬಂತು. ನನ್ನ ಗೆಳೆಯ ಲೇತ್ ನಿಲ್ಲಿಸಿ ಎಣ್ಣೆಗೈಯಲ್ಲೇ ಮೊಬೈಲು ಹಿಡಿದು ಓಡಿಬಂದು ನನಗೆ ತೋರಿಸಿದ. ನಾನು ಕನ್ನಡಕ ಸರಿ ಮಾಡಿಕೊಂಡು ಆ ಸಂಖ್ಯೆಯನ್ನು ನೋಡಿದೆ. ನನ್ನ ಲೆಕ್ಕದಲ್ಲಿ ನನಗೆ ಬರಬೇಕಾದದ್ದು ಅದಕ್ಕಿಂತ ಜಾಸ್ತಿ ಇತ್ತು. ಆ ಸಮಾಧಾನ ಒಂದು ವಾರ ಉಳಿಯಿತು.

ನನಗೆ ಬಂದದ್ದು ಇಮೇಲು. ನಿಮ್ಮ ರಿಟರ್ನಿನಲ್ಲಿ ಈ ಕೆಳಗಿನ ತಿದ್ದುಪಡಿ ಮಾಡಲು ಉದ್ದೇಶಿಸಿದ್ದೇವೆ, ಒಪ್ಪುತ್ತೀರೋ ಇಲ್ಲವೋ ಮೂವತ್ತು ದಿನದೊಳಗೆ ಉತ್ತರಿಸಿ ಎಂದಿತ್ತು. ಅರಿಯರ್ಸಿಗೆಂದು ನಾನು ಕೇಳಿದ್ದ ರಿಯಾಯಿತಿಯನ್ನು ಪೂರ್ತಿ ಹೊಡೆದುಹಾಕಿದ್ದರು. ಜೊತೆಗೆ ಯಾವುದೋ ಕಲಮು, ಯಾವುದೋ ನಿಯಮದ ಸಂಖ್ಯೆಗಳು. ನಾನು ಅವನ್ನು ನಿಧಾನವಾಗಿ ಓದಬೇಕಿತ್ತು. ಓದುತ್ತಿದ್ದಾಗ ಕಣ್ಣ ಮುಂದೆ ಇದ್ದದ್ದು ಅಕೌಂಟ್ಸಿನ ಬಾಗಿಲು. ಅವಳ ಕೈಯಲ್ಲಿ ಹೋದ ಅಷ್ಟೂ ಜನರದು ಸರಿ, ನನ್ನದೊಂದೇ ತಪ್ಪು!

ಅದೇ ವಾರ ದೀಪಾವಳಿ. ಗೆಳೆಯ ಕೈಯಲ್ಲೊಂದು ಲಕೋಟೆ ಹಿಡಿದು ಬಂದ.

"ಎಲ್ಲಾ ಸೇರಿ ಆ ಹುಡ್ಗೀಗೆ ಒಂದು ಇಳಕಲ್ ಸೀರೆ ತಗೊಳ್ಳಣ ಅಂತ ಸಾರ್. ಅಷ್ಟು ಕಷ್ಟಪಟ್ಟು ಮಾಡ್ಕೊಟ್ಟವ್ಳೆ. ನಿಮ್ದೂ ಒಂದು ಪಾಲು ಹಾಕಿ."

"ನನಗೆ ಅವಳೇನೂ ಮಾಡಿಕೊಟ್ಟಿಲ್ಲವಲ್ಲ."

"ಅಯ್ಯೋ, ನೀವು ದೊಡ್ಡೋರು. ನಿಮ್ಮನ್ನ ಬಿಟ್ರೆ ಚೆನ್ನಾಗಿರುತ್ತಾ?"

ಹಾಕಿದೆ. ಇನ್ನೂರು ಹಾಕುವ ಜಾಗದಲ್ಲಿ, ಯಾರೂ ಏನೂ ಅನ್ನಬಾರದೆಂದು, ಐನೂರು ಹಾಕಿದೆ. ಇಷ್ಟು ವರ್ಷದಲ್ಲಿ ನನಗೆ ಒಂದು ಕರ್ಚೀಫನ್ನೂ ಯಾರೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಬೇಡ ಅನ್ನುತ್ತಿದ್ದೆ, ಅದು ಬೇರೆ ಮಾತು. ಬೇಡ ಅನ್ನುವ ಅವಕಾಶವೂ ಸಿಕ್ಕಿರಲಿಲ್ಲವಲ್ಲ ಎಂದು ಹಬ್ಬದ ದಿನವೆಲ್ಲ ಒಳಗೇ ಕುದಿಯುತ್ತಿದ್ದೆ. ಹಸಿರು ಅಂಚಿನ ಆ ಸೀರೆ ಉಟ್ಟು ಅವಳು ಕೆಲಸಕ್ಕೆ ಬಂದ ದಿನ ಎಲ್ಲರೂ ಸುತ್ತ ನಿಂತು ನೋಡಿದರು. ನಾನು ಸ್ಟಾಕ್ ಎಣಿಸುವ ಕೆಲಸವಿದೆಯೆಂದು ಹಿಂದಿನ ಗೋಡೌನಿಗೆ ಹೋದೆ.

ಮನೆಯಲ್ಲಿ ಹೆಂಡತಿಗೆ ವಿಷಯ ಗೊತ್ತಾಯಿತು. ನಾನು ಲ್ಯಾಪ್‌ಟಾಪ್ ಮುಂದೆ ಕೂತು ಉಗುರು ಕಚ್ಚುತ್ತಿದ್ದುದನ್ನು ನೋಡಿ ಅವಳೇ ಕೇಳಿ ತಿಳಿದುಕೊಂಡಳು.

"ನಿಮ್ಮ ಆಫೀಸಲ್ಲಿ ಆ ಕಲಬುರಗಿ ಹುಡುಗಿ ಇದಾಳಲ್ಲ, ಅವಳನ್ನ ಒಂದು ಮಾತು ಕೇಳ್ಬಾರ್ದಾ?"

"ಅವಳನ್ನ ಯಾಕೆ ಕೇಳ್ಬೇಕು? ನನ್ನ ಲೆಕ್ಕ ಸರಿ ಇದೆ."

"ಸರಿ ಇದ್ರೆ ಅವ್ರು ಯಾಕೆ ತಿದ್ದುತಾರೆ?"

"ನಿನಗೆ ಗೊತ್ತಾಗಲ್ಲ ಸುಮ್ನಿರು," ಎಂದು ರೇಗಿದೆ. ಅವಳು ಅಡುಗೆಮನೆಗೆ ಹೋಗಿ, ಅಲ್ಲಿಂದಲೇ, "ಗೊತ್ತಿರೋರನ್ನೂ ಕೇಳಲ್ಲ, ಗೊತ್ತಿಲ್ದೋರ ಮೇಲೂ ರೇಗ್ತೀರ," ಎಂದಳು.

'ಒಪ್ಪುವುದಿಲ್ಲ' ಎಂಬುದನ್ನು ಒತ್ತಿದೆ. ಕಾರಣ ಬರೆಯುವ ಜಾಗದಲ್ಲಿ ಎಷ್ಟು ಅಕ್ಷರ ಹಿಡಿಯುತ್ತದೋ ಅಷ್ಟೂ ತುಂಬಿದೆ. ಎರಡು ಹಾಳೆಯ ಲೆಕ್ಕವನ್ನು ಸ್ಕ್ಯಾನ್ ಮಾಡಿ ಸೇರಿಸಿದೆ. ನನ್ನ ಅನುಭವದ ಬಗ್ಗೆಯೂ ಒಂದು ಸಾಲು ಬರೆದಿದ್ದೆ. ಕೆಲವು ವಾರದ ಮೇಲೆ ಕೊನೆಯ ಆದೇಶ ಬಂತು. ರಿಯಾಯಿತಿ ಇಲ್ಲ. ರಿಫಂಡ್ ಹೋಗಿ, ನಾನೇ ಇಲಾಖೆಗೆ ಕಟ್ಟಬೇಕಾದ ಬಾಕಿ ಬಡ್ಡಿ ಸಮೇತ ಅದರಲ್ಲಿತ್ತು.

ರಿಟರ್ನುಗಳನ್ನು ಪರಿಶೀಲಿಸುವ ಕೇಂದ್ರ ನಮ್ಮ ಊರಲ್ಲೇ, ಎಲೆಕ್ಟ್ರಾನಿಕ್ ಸಿಟಿ ಕಡೆ ಇದೆಯೆಂದು ಕೇಳಿದ್ದೆ. ಮುಖಾಮುಖಿ ಕೂತು ಹಾಳೆ ತೋರಿಸಿದರೆ ಯಾರಾದರೂ ತಿಳಿದವರು ಒಪ್ಪಿಯೇ ಒಪ್ಪುತ್ತಾರೆಂಬ ನಂಬಿಕೆ ನನಗೆ. ಜ್ವರವೆಂದು ರಜೆ ಹಾಕಿ, ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಹಸಿರು ಲೈನಿನಿಂದ ಹಳದಿ ಲೈನಿಗೆ ಬದಲಾಯಿಸಿ, ಇಳಿದು, ಆಟೋದವನನ್ನು ಎರಡು ಸಲ ಕೇಳಿ ಕೊನೆಗೆ ಗೇಟು ತಲುಪಿದೆ.

"ಎಲ್ಲಿಗೆ ಸಾರ್?" ಎಂದ ಕಾವಲುಗಾರ.

"ನನ್ನ ರಿಟರ್ನ್ ವಿಷಯ ಒಂದು ಮಾತಾಡಬೇಕಿತ್ತು."

"ಪಬ್ಲಿಕ್ ಬಿಡಲ್ಲ ಸಾರ್ ಇಲ್ಲಿ. ಎಲ್ಲಾ ಆನ್‌ಲೈನೇ."

"ದಾಸರಹಳ್ಳಿಯಿಂದ ಬಂದಿದೀನಿ ಕಣಪ್ಪ."

"ಮೊನ್ನೆ ಒಬ್ರು ಹುಬ್ಳಿಯಿಂದ ಬಂದಿದ್ರು ಸಾರ್. ಅವ್ರನ್ನೂ ಬಿಟ್ಟಿಲ್ಲ," ಎಂದು, ನೆರಳಲ್ಲಿ ಸ್ವಲ್ಪ ಹೊತ್ತು ನಿಂತು ಹೋಗಲು ಜಾಗ ತೋರಿಸಿದ.

ಎದುರಿನ ಟೀ ಅಂಗಡಿಯಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ನಿಂತಿದ್ದರು. ಎಲ್ಲರ ಕೈಯಲ್ಲೂ ಮೊಬೈಲು. ಇವರಲ್ಲಿ ಯಾರನ್ನು ಕೇಳಿದರೂ ಒಂದು ನಿಮಿಷದಲ್ಲಿ ನನ್ನ ತಪ್ಪು ಹೇಳಿಬಿಡುತ್ತಾರೇನೋ ಅನ್ನಿಸಿತು. ಆ ಮಕ್ಕಳ ಮೇಲೂ ಹೊಟ್ಟೆಕಿಚ್ಚಾಯಿತು. ಟೀ ಅರ್ಧಕ್ಕೇ ಇಟ್ಟು ಹೊರಟೆ.

ಡಿಸೆಂಬರ್ ಬಂದಿತ್ತು. ವರ್ಷದ ಕೊನೆಯೊಳಗೆ ಸರಿ ಮಾಡಿಕೊಳ್ಳದಿದ್ದರೆ ತೊಡಕು ಇನ್ನೂ ಹೆಚ್ಚಾಗುತ್ತದೆ ಎಂಬುದು ಗೊತ್ತಿತ್ತು. ಮರುದಿನ ಊಟದ ನಂತರ, ಅಕೌಂಟ್ಸಿನ ಬಾಗಿಲಲ್ಲಿ ಬೇರೆ ಯಾರ ಚಪ್ಪಲಿಯೂ ಇಲ್ಲದ್ದನ್ನು ನೋಡಿಕೊಂಡು ಒಳಗೆ ಹೋದೆ. ಅವಳು ಎದ್ದು ನಿಂತಳು.

"ಕೂತ್ಕೊಮ್ಮ. ನಮ್ಮ ಸಂಬಂಧಿಕರೊಬ್ಬರದು ಒಂದು ಸಮಸ್ಯೆ," ಎಂದು ಎರಡು ಹಾಳೆಗಳನ್ನೂ ಆದೇಶದ ಪ್ರತಿಯನ್ನೂ ಮುಂದಿಟ್ಟೆ. ಆದೇಶದಲ್ಲಿ ಹೆಸರಿದ್ದ ಭಾಗವನ್ನು ಹಿಂದಕ್ಕೆ ಮಡಚಿದ್ದೆ.

"ಸಂಬಂಧಿಕ್ರು ಎಲ್ಲಿ ಕೆಲಸ ಮಾಡ್ತಾರ್ರಿ ಸರ?"

"ಇಲ್ಲೇ, ಪೀಣ್ಯದಲ್ಲೇ. ಬೇರೆ ಕಂಪನಿ."

ಅವಳು ಹಾಳೆಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಸ್ಟೋರ್ಸಿನಿಂದ ಅವಳ ಮೇಜಿಗೆ ದಿನಾ ಬರುವ ಚೀಟಿಗಳೆಲ್ಲ ಅದೇ ಅಕ್ಷರದಲ್ಲಿ ಇರುತ್ತವೆಂಬುದು ನನಗೆ ಆಗ ಹೊಳೆಯಿತು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಲೆಕ್ಕ ಒಂದು ಪೈಸಾನೂ ತಪ್ಪಿಲ್ರಿ ಸರ. ಭಾಳ ಚಂದ ಮಾಡ್ಯಾರ. ಖರೇ ಅಂದ್ರ, ನಾ ಇಷ್ಟು ಚಂದ ಕೈಲೆ ಮಾಡಂಗಿಲ್ಲ."

"ಮತ್ತೆ ಯಾಕೆ ಒಪ್ಪಿಲ್ಲ?"

"ಅರಿಯರ್ಸಿಗೆ ಬ್ಯಾರೆ ಒಂದು ಫಾರ್ಮ್ ಅದರಿ. ಟೆನ್-ಇ ಅಂತ. ಈ ಲೆಕ್ಕನ ಅದರಾಗ ತುಂಬಿ ಮೊದ್ಲು ಹಾಕ್ಬೇಕು, ಆಮ್ಯಾಲ ರಿಟರ್ನ್. ಅದು ಹಾಕ್ಲಿಲ್ಲಂದ್ರ ಲೆಕ್ಕ ಎಷ್ಟು ಸರಿ ಇದ್ರೂ ನೋಡಂಗಿಲ್ರಿ ಅವರು."

ರಾಜಾಜಿನಗರದ ದಿನಗಳಲ್ಲಿ ಲೆಕ್ಕದ ಹಾಳೆಯನ್ನೇ ರಿಟರ್ನಿಗೆ ಟಾಚಣಿ ಚುಚ್ಚಿ ಕೊಡುತ್ತಿದ್ದೆವು. ಆಮೇಲೆ ಯಾವಾಗ ಬದಲಾಯಿತೋ ನಾನು ನೋಡಿರಲಿಲ್ಲ. ನೋಡುವ ಸಂದರ್ಭವೂ ಬಂದಿರಲಿಲ್ಲ. ಬೋರ್ಡಿನಲ್ಲಿ ಅವಳು ಚೀಟಿ ಅಂಟಿಸಿದ್ದು ಇದಕ್ಕೇ ಎಂಬುದು ಈಗ ತಿಳಿಯಿತು.

"ಈಗ ಏನ್ಮಾಡ್ಬೇಕು ಅವರು?"

"ಈಗ್ಲೂ ಆಗ್ತದ್ರಿ. ಫಾರ್ಮ್ ಹಾಕಿ, ಮ್ಯಾಲ ಪರಿಷ್ಕೃತ ರಿಟರ್ನ್ ಹಾಕ್ಲಿ. ತಿಂಗಳ ಕೊನೀಗೆ ಬಿಡಬ್ಯಾಡ ಅನ್ರಿ. ಅವರ ಲಾಗಿನ್ ಕೊಟ್ರ ನಾನೇ ಹಾಕ್ತೀನ್ರಿ ಸರ."

"ಬೇಡ, ಅವರೇ ಹಾಕ್ಕೋತಾರೆ," ಎಂದು ಹಾಳೆ ಎತ್ತಿಕೊಂಡೆ.

ಅವಳು ನನ್ನನ್ನು ಹಂಗಿಸಬಹುದಿತ್ತು. ಒಂದು ಸಣ್ಣ ನಗು ನಕ್ಕಿದ್ದರೂ ಸಾಕಿತ್ತು, ಅವಳ ಮೇಲೆ ಸಿಟ್ಟಾಗಲು ನನಗೊಂದು ಕಾರಣ ಸಿಗುತ್ತಿತ್ತು. ಅದನ್ನೂ ಕೊಡಲಿಲ್ಲ. ಮನೆಗೆ ಬಂದು ಅವಳು ಹೇಳಿದ ಹಾಗೆಯೇ ಫಾರ್ಮ್ ತುಂಬಿದೆ. ನನ್ನ ಹಾಳೆಯ ಸಂಖ್ಯೆಗಳು ಒಂದೂ ಬದಲಾಗದೆ ಅದರೊಳಗೆ ಕೂತವು. ಹೆಂಡತಿ ಪಕ್ಕದಲ್ಲಿ ಕೂತು ಮೊಬೈಲಿಗೆ ಬಂದ ಒಟಿಪಿ ಓದಿ ಹೇಳಿದಳು. "ಕೇಳಿದ್ರಾ ಕೊನೆಗೆ?" ಎಂದಳು. "ಹೂಂ," ಎಂದೆ.

ಸಂಕ್ರಾಂತಿಯ ಮೇಲೆ ಹೊಸ ಆದೇಶ ಬಂತು. ರಿಯಾಯಿತಿ ಒಪ್ಪಿದ್ದರು, ಬಾಕಿ ಅಳಿಸಿ ರಿಫಂಡ್ ಕೊಟ್ಟಿದ್ದರು. ಖುಷಿಯಾಗಿ, ಅವಳಿಗಾದರೂ ಹೇಳೋಣವೆಂದು ಅಕೌಂಟ್ಸಿಗೆ ಹೋದರೆ ಅಲ್ಲಿ ಜನ ತುಂಬಿತ್ತು. ಅವಳಿಗೆ ವೈಟ್‌ಫೀಲ್ಡಿನ ದೊಡ್ಡ ಐಟಿ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಪಟ್ಟಂದೂರು ಅಗ್ರಹಾರದಲ್ಲಿ ರೂಮು ನೋಡಿ ಬಂದಿದ್ದಳು. ಸಂಬಳ ಎಷ್ಟೆಂದು ಯಾರೋ ಪಿಸುಗುಟ್ಟಿದರು. ಕೇಳಿ, ಹೇಳಲು ಬಂದದ್ದನ್ನು ಹೇಳದೆಯೇ ಸ್ಟೋರ್ಸಿಗೆ ವಾಪಸಾದೆ. ಇಷ್ಟು ವರ್ಷ ಸರ್ವೀಸಾದ ನನ್ನ ತಿಂಗಳ ಸಂಬಳಕ್ಕಿಂತ ಅದು ಜಾಸ್ತಿ.

ಬೀಳ್ಕೊಡುಗೆಯ ದಿನ ಹಿರಿಯನೆಂದು ನನ್ನನ್ನೇ ಮಾತಾಡಲು ಕರೆದರು. "ಒಳ್ಳೆ ಕೆಲಸಗಾರ್ತಿ, ಸಮಯಕ್ಕೆ ಸರಿಯಾಗಿ ಬರುತ್ತಿದ್ದಳು," ಎಂದೆ. ಇನ್ನೂ ಏನೇನೋ ಹೇಳಬಹುದಿತ್ತು. ಕೇಕು ತಂದುಕೊಟ್ಟವಳು, "ಇನ್ನ ಮ್ಯಾಲ ಇವರೆಲ್ಲಾ ನಿಮ್ಮ ಕಡೇನೇ ಬರ್ತಾರ್ರಿ ಸರ," ಎಂದಳು. ನಾನೂ ಹಾಗೇ ಅಂದುಕೊಂಡಿದ್ದೆ.

ಜುಲೈ ಬಂತು. ಮೇಜು ಒರೆಸಿ, ಕಂಪ್ಯೂಟರಿನ ಧೂಳು ತೆಗೆದು, ಟೆನ್-ಇ ಸಹಿತ ಹೊಸ ನಿಯಮಗಳನ್ನೆಲ್ಲ ಓದಿಕೊಂಡು ಕೂತೆ. ಮೂರು ಜನ ಬಂದರು. ಉಳಿದವರದು ಏನಾಯಿತೆಂದು ಗೊತ್ತಾಗಲಿಲ್ಲ. ಒಂದು ದಿನ ಗೆಳೆಯನನ್ನು ಊಟದ ಹೊತ್ತಿನಲ್ಲಿ ಕೇಳಿದೆ.

"ಯಾರೂ ಈ ಸಲ ರಿಟರ್ನ್ ಹಾಕಲ್ವೇನೋ?"

"ಹಾಕ್ತವ್ರಲ್ಲ ಸಾರ್. ಭಾನುವಾರ ಆ ಹುಡ್ಗೀಗೆ ಫೋನ್ ಮಾಡ್ತಾರೆ. ಅವಳು ಅಲ್ಲಿಂದಾನೆ ಹೇಳ್ಕೊಡ್ತಾಳೆ."

"ವೈಟ್‌ಫೀಲ್ಡಿಂದ?"

"ಹೂಂ ಸಾರ್."

"ನಾನು ಇಲ್ಲೇ ಹತ್ತು ಹೆಜ್ಜೆ ದೂರದಲ್ಲಿ ಕೂತಿದೀನಿ. ನನ್ನ ಹತ್ರ ಬರೋಕೇನು ಇವರಿಗೆಲ್ಲಾ?"

ಅವನು ಕೈಯಲ್ಲಿದ್ದ ತುತ್ತನ್ನು ಮತ್ತೆ ಡಬ್ಬಿಗೆ ಇಟ್ಟ.

"ಬೇಜಾರ್ ಮಾಡ್ಕೋಬೇಡಿ ಸಾರ್. ನಿಮ್ಮಷ್ಟು ತಿಳ್ಕೊಂಡೋರು ಯಾರೂ ಇಲ್ಲ. ಆದ್ರೆ ನೀವು ಜೋರಾಗಿ ಓದ್ತೀರಾ. ಯಾರ ಸಂಬಳ ಎಷ್ಟು, ಯಾರು ಸೊಸೈಟಿಲಿ ಎಷ್ಟು ಸಾಲ ಮಾಡವ್ರೆ, ಎಲ್ಲಾ ಎಲ್ರ ಮುಂದೇನೇ. ಇನ್ಶೂರೆನ್ಸ್ ಯಾಕೆ ಕಟ್ಟಿಲ್ಲ ಅಂತ ನಂಗೊಂದ್ಸಲ ಎಲ್ರೆದುರಿಗೇ ಬೈದ್ರಿ. ಆ ವರ್ಷ ನಮ್ಮಮ್ಮಂಗೆ ಆಪರೇಷನ್ ಆಗಿತ್ತು, ಕೈಲಿ ಕಾಸಿರ್ಲಿಲ್ಲ. ಹೇಳೋಕಾಗ್ಲಿಲ್ಲ ನಂಗೆ. ಆ ಹುಡ್ಗಿ ಅಂಗಲ್ಲ. ಬಾಗ್ಲು ಮುಂದಕ್ಕೆ ಎಳ್ಕೊಂಡು ಮೆಲ್ಲಗೆ ಕೇಳ್ತಾಳೆ."

ನನಗೆ ಆ ದಿನದ ನೆನಪೇ ಇರಲಿಲ್ಲ. ನಾನು ಗಟ್ಟಿಯಾಗಿ ಓದುವುದು ಎಲ್ಲರಿಗೂ ತಿಳಿಯಲಿ, ಕಲಿಯಲಿ ಎಂದು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ನನ್ನ ದನಿ ನನಗೆ ಕೇಳಲು ಚೆನ್ನಾಗಿರುತ್ತಿತ್ತು. ಈ ಸಲ ಬಂದ ಮೂವರಲ್ಲಿ ಕೊನೆಯವರು ಇಂಜಿನಿಯರಿಂಗ್ ಸೆಕ್ಷನ್ನಿನ ಒಬ್ಬ ಹೆಂಗಸು. ಅವರು ಮರುದಿನ ಬಂದಾಗ ಎದ್ದು ಹೋಗಿ ಬಾಗಿಲು ಮುಂದಕ್ಕೆ ಎಳೆದೆ. ಮೆಲ್ಲಗೆ ಕೇಳಲು ಪ್ರಯತ್ನಪಟ್ಟೆ. ನನ್ನ ಗಂಟಲಿಗೆ ಅಭ್ಯಾಸವಿಲ್ಲ. ಅವರು ಎರಡು ಸಲ, "ಏನಂದ್ರಿ ಸಾರ್?" ಎಂದು ಬಗ್ಗಿದರು. ಆ ಹುಡುಗಿಗೆ ಇದು ಎಷ್ಟು ಸಲೀಸಾಗಿ ಬರುತ್ತಿತ್ತಲ್ಲ ಎಂದು ಅಲ್ಲಿ ಕೂತಿದ್ದಾಗಲೇ ಮತ್ತೆ ಹೊಟ್ಟೆಕಿಚ್ಚಾಯಿತು.

ಮೊನ್ನೆ ಊಟ ಮಾಡುತ್ತಿದ್ದಾಗ ಗೆಳೆಯನ ಮೊಬೈಲು ಟಣ್ ಎಂದಿತು. ತೆಗೆದು ನೋಡಿದ. ಮುಖ ಅರಳಿತು. ನನ್ನ ಕಡೆ ನೋಡಿ, ಮೊಬೈಲನ್ನು ಅಂಗಿ ಜೇಬಿಗೆ ಹಾಕಿಕೊಂಡ. ರಿಫಂಡ್ ಎಷ್ಟು ಬಂತು ಎಂದು ಕೇಳಲು ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ. ಅವನ ಮುಖ ನೋಡಿದರೆ ಜಾಸ್ತಿಯೇ ಬಂದಿರಬೇಕು.